ಗೂಟ ನಿಂತ ಜಾಗ

ಮೇಣ ಇನ್ನೂ ಮೆತ್ತಗಿತ್ತು. ಚಾಕುವಿನ ತುದಿಯನ್ನು ಸ್ಪಿರಿಟ್ ದೀಪಕ್ಕೆ ಹಿಡಿದು, ಮೇಲ್ದವಡೆಯ ಮುಂದಿನ ಹಲ್ಲಿನ ಬುಡದಲ್ಲಿ ಒಸಡಿನ ಬಾಗು ತೀಡುತ್ತಿದ್ದವಳು ಕೈ ನಿಲ್ಲಿಸಿದಳು. ಹಲ್ಲು ನೆಟ್ಟಗೆ ಕೂತಿದೆಯೋ ಇಲ್ಲವೋ ತಿಳಿಯಲಿಲ್ಲ. ಇಷ್ಟು ವರ್ಷ ಹಲ್ಲಿನ ಸೆಟ್ಟು ಮಾಡಿದ ಕೈಗೆ ಅದು ತಿಳಿಯದೆ ಹೋದದ್ದು ಇವತ್ತೇ. ಅಚ್ಚನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು, ಒಂದು ಕಣ್ಣು ಮುಚ್ಚಿ ನೋಡಿದಳು, ಮತ್ತೆ ಮೇಜಿನ ಮೇಲಿಟ್ಟಳು. ಗೋಡೆಯ ಹಲಗೆಯ ಮೇಲೆ ಯಾರು ಯಾರದೋ ಬಾಯಿಗಳು ಬಿಳಿ ಪ್ಲಾಸ್ಟರಿನಲ್ಲಿ ಸಾಲಾಗಿ ತೆರೆದುಕೊಂಡು ಕೂತಿದ್ದವು. ದಿನಾ ಹಾಗೇ ಇರುತ್ತವೆ. ಇವತ್ತು ಮಾತ್ರ ಏನೋ ಕೇಳುವುದಕ್ಕೆ ತೆರೆದಂತೆ ಕಂಡವು. ಊಟದ ಹೊತ್ತಿನ ನಂತರ ಸಂಘದ ಕಚೇರಿಗೆ ಹೋಗಬೇಕು. ಅಲ್ಲಿ ಕೇಳುವುದೂ ಒಂದೇ ಪ್ರಶ್ನೆ. ಭಾನುವಾರದ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಜಗಳವಾಯಿತಲ್ಲ, ಆಗ ಬೆಂಚಿನಲ್ಲಿ ಕೂತಿದ್ದ ಹನ್ನೊಂದನೇ ನಂಬರಿನ ಹುಡುಗಿ ಗೆರೆ ದಾಟಿ ಅಂಕಣದೊಳಗೆ ಬಂದದ್ದು ಜಗಳ ನಡೆಯುತ್ತಿದ್ದಾಗಲೋ, ಮುಗಿದ ಮೇಲೋ? ಮೂವರು ರೆಫರಿಗಳಲ್ಲಿ ಇದಕ್ಕೆ ಉತ್ತರ ಹೇಳಬೇಕಾದವಳು ಅವಳೊಬ್ಬಳೇ. ಅದನ್ನು ನೋಡುವುದಕ್ಕೆಂದೇ ಅವಳು ಅಲ್ಲಿ ನಿಂತಿದ್ದಳು.

"ಅಷ್ಟೊತ್ತಿಂದ ಅದಕ್ಕೆ ಕಚ್ಚೋದು ಹೇಳ್ಕೊಡ್ತಾ ಇದೀರೇನಕ್ಕ?" ಪಕ್ಕದ ಮೇಜಿನವಳು ಕೇಳಿದಳು.

"ಸೊಟ್ಟ ಕೂತಿದೆಯಾ ನೋಡು ಇದು."

ಅವಳು ಎದ್ದು ಬಂದು ಅಚ್ಚನ್ನು ಅಂಗೈಯಲ್ಲಿಟ್ಟು ನೋಡಿದಳು. "ನೆಟ್ಟಗಿದೆ. ಜಾಸ್ತಿನೇ ನೆಟ್ಟಗಿದೆ. ಆ ಅಜ್ಜ ಇದನ್ನ ಹಾಕ್ಕೊಂಡು ಮನೆಗೆ ಹೋದ್ರೆ ಅಜ್ಜಿ ಒಳಗೆ ಬಿಟ್ಕೊಳಲ್ಲ, ಯಾರಪ್ಪಾ ನೀನು ಅಂತಾಳೆ." ನಕ್ಕು, ಅಚ್ಚನ್ನು ವಾಪಸು ಕೊಡದೆ ತನ್ನ ಮೇಜಿಗೇ ಒಯ್ದಳು. "ಇದನ್ನ ನಾನು ಮುಗಿಸ್ತೀನಿ. ನಿಮಗೆಲ್ಲೋ ಹೋಗೋದಿದೆಯಲ್ಲ, ಹೋಗಿ." ಎಲ್ಲಿಗೆ ಎಂದು ಕೇಳಲಿಲ್ಲ. ಕೇಳದೆ ಬಿಟ್ಟದ್ದು ದೊಡ್ಡ ಉಪಕಾರ ಎಂದು ಅವಳಿಗೆ ಅನ್ನಿಸಿತು, ಅಂಥ ಉಪಕಾರಕ್ಕೆ ತಾನು ತಕ್ಕವಳಲ್ಲ ಎಂದೂ ಅನ್ನಿಸಿತು. ಕೈ ತೊಳೆಯುವಾಗ ಉಗುರಿನ ಸಂದಿನ ಪ್ಲಾಸ್ಟರು ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಗೂಟ ಎನ್ನುವ ಮಾತು ಮೂವರಲ್ಲಿ ಹಿರಿಯ ರೆಫರಿಯಾದ ದೊಡ್ಡ ಸಾರ್ ಅವರದು. ಬಿಡುವಿನ ದಿನಗಳಲ್ಲಿ ರೆಫರಿ ಕೆಲಸ ಕಲಿಯಲು ಬಂದವರಿಗೆಲ್ಲ ಅವರು ಮೊದಲು ಹೇಳುತ್ತಿದ್ದದ್ದು ಅದನ್ನೇ. ಅವಳಿಗೂ ಹೇಳಿದ್ದರು, ಮದುವೆಯಾದ ಹೊಸತರಲ್ಲಿ, ಖಾಲಿ ಅಂಕಣದ ನಡುವೆ ನಿಲ್ಲಿಸಿಕೊಂಡು. "ಜಗಳ ಶುರುವಾದ್ರೆ ಹತ್ತಿರ ಇರೋ ಇಬ್ಬರು ರೆಫರಿಗಳು ಮಧ್ಯೆ ಹೋಗ್ಬೇಕಮ್ಮ. ಅಡ್ಡ ತಿರುಗಿ, ಅಂಗೈ ತೋರಿಸ್ಕೊಂಡು ನುಗ್ಗಬೇಕು, ಯಾರನ್ನೂ ಹಿಡಿದು ಎಳೀಬಾರದು. ದೂರ ಇರೋರು ಗೂಟ. ಗೂಟ ಅಲ್ಲಾಡಬಾರದು. ಕೂಗಬಾರದು. ಬಿಡಿಸೋಕೆ ಓಡಬಾರದು. ಮುಖ್ಯವಾಗಿ ಜಗಳಾನೇ ನೋಡಬಾರದು. ಬೆಂಚು ನೋಡ್ಬೇಕು. ಎದ್ದೋರು ಯಾರು, ಗೆರೆ ದಾಟಿದೋರು ಯಾರು, ಬೆನ್ನಿನ ನಂಬರೇನು." ಇಬ್ಬರ ಹೊಡೆದಾಟ ಇಬ್ಬರದ್ದೇ ಆಗಿ ಉಳಿಯಬೇಕಾದರೆ ಬೆಂಚು ಕೂತಲ್ಲೇ ಕೂತಿರಬೇಕು, ಕೋಚು ಬಂದು ನಮ್ಮ ಜೊತೆ ಕೈ ಹಾಕಿ ಬಿಡಿಸಬಹುದು, ಆಟಗಾರರು ಬರುವಂತಿಲ್ಲ. ಬಂದರೆ ಆ ಪಂದ್ಯದಿಂದ ಹೊರಗೆ, ಆಮೇಲೆ ವಿಚಾರಣೆ, ನಿಷೇಧ. ಬಿಡಿಸೋಕೇ ಬಂದಿದ್ರೆ ಸಾರ್, ಒಳ್ಳೇದಕ್ಕೇ ಬಂದಿದ್ರೆ ಎಂದು ಅವಳು ಕೇಳಿದ್ದಳು. ಅವರು ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದ್ದರು: "ಯಾಕೆ ಬಂದ್ರು ಅನ್ನೋದು ದೇವರ ಕೆಲಸ. ಯಾವಾಗ ಬಂದ್ರು ಅನ್ನೋದು ನಮ್ಮ ಕೆಲಸ. ಎರಡನ್ನೂ ನಾವೇ ಮಾಡೋಕೆ ಹೋದ್ರೆ ಎರಡೂ ಕೆಡತ್ತೆ."

ಅವಳು ಒಳ್ಳೆಯ ಗೂಟ ಎಂದು ಹೆಸರಾಗಿತ್ತು. ಭಾನುವಾರವೂ ಅವಳು ಅಲ್ಲಾಡಲಿಲ್ಲ. ಬುಟ್ಟಿಯಿಂದ ಪುಟಿದ ಚೆಂಡಿಗೆ ಇಬ್ಬರು ಹುಡುಗಿಯರು ಜಿಗಿದರು, ಒಬ್ಬಳ ಮೊಣಕೈ ಇನ್ನೊಬ್ಬಳ ಬಾಯಿಗೆ ತಾಗಿತು. ಬೇಕೆಂದೇ ತಾಗಿಸಿದ್ದೋ ಅಲ್ಲವೋ, ತಾಗಿಸಿಕೊಂಡವಳು ಅದನ್ನು ವಿಚಾರಿಸಲು ನಿಲ್ಲದೆ ಮುಷ್ಟಿ ಬೀಸಿದಳು, ಮೊದಲನೆಯವಳು ಅವಳ ಜಡೆ ಹಿಡಿದಳು. ದೊಡ್ಡ ಸಾರ್ ಮತ್ತು ಕಿರಿಯ ರೆಫರಿ ಸೀಟಿ ಊದುತ್ತ ನಡುವೆ ನುಗ್ಗಿದರು. ಅವಳು ಹಿಂದೆ ಸರಿದು, ಎದುರಿನ ಗೆರೆಗೆ ಬೆನ್ನು ಕೊಟ್ಟು, ಕೈ ಇಳಿಬಿಟ್ಟು, ಮುಖವನ್ನು ಎರಡೂ ಬೆಂಚುಗಳ ಕಡೆ ಮಾಡಿ ನಿಂತಳು. ಅಷ್ಟೂ ಸರಿಯಾಗಿಯೇ ಇತ್ತು. ಆಗ ಆ ಗುಂಪಿನ ಕಾಲುಗಳ ಸಂದಿನಿಂದ ಚಿಕ್ಕದೊಂದು ಏನೋ ಹೊರಗೆ ಚಿಮ್ಮಿ, ಮರದ ನೆಲದ ಮೇಲೆ ಜಾರಿಕೊಂಡು ಬಂದು, ಅವಳಿಗೂ ಬೆಂಚಿಗೂ ನಡುವೆ ಎಲ್ಲೋ ನಿಂತಿತು. ಬೇರೆ ಯಾರಾದರೂ ಆಗಿದ್ದರೆ ಗುಂಡಿ ಅಂದುಕೊಳ್ಳುತ್ತಿದ್ದರು, ಬಿಳಿ ಕಲ್ಲಿನ ಚೂರು ಅಂದುಕೊಳ್ಳುತ್ತಿದ್ದರು. ಅವಳಿಗೆ ಅಲ್ಲಿಂದಲೇ ತಿಳಿಯಿತು: ಮೇಲಿನ ಸಾಲಿನ, ಎಡಗಡೆಯ ಮುಂದಿನ ಹಲ್ಲು. ಬೇರು ಸಮೇತ ಬಂದಿದೆ. ಮುರಿದಿಲ್ಲ. ಬೇರು ಬಿಟ್ಟು ಹಲ್ಲಿನ ತಲೆಯನ್ನಷ್ಟೇ ಹಿಡಿದು ಎತ್ತಿ, ಹಾಲಿನಲ್ಲಿಟ್ಟು, ಬೇಗ ಒಯ್ದರೆ ಮತ್ತೆ ಕೂರುತ್ತದೆ. ಬೇರಿಗೆ ಕೈ ತಾಗಿದರೆ, ಒಣಗಿದರೆ, ತುಳಿದರೆ ಹೋಯಿತು. ಆಮೇಲೆ ಆ ಹುಡುಗಿಯ ಬಾಯಿಯ ಅಚ್ಚು ಯಾವುದೋ ಲ್ಯಾಬಿನ ಹಲಗೆಯ ಮೇಲೆ, ತನ್ನಂಥವಳೊಬ್ಬಳು ಮೇಣ ಕೆತ್ತುತ್ತ. ಯಾರದೋ ಬೂಟು ಹಲ್ಲಿನ ಪಕ್ಕದಲ್ಲೇ ಬಂದು ಹೋಯಿತು. ಅವಳ ಮುಖ ಬೆಂಚಿನ ಕಡೆಗೇ ಇತ್ತು. ಕಣ್ಣು ಮಾತ್ರ ಕೆಳಗಿತ್ತು. ಎಷ್ಟು ಹೊತ್ತು ಹಾಗಿತ್ತು ಎಂದು ಈಗ ಎಷ್ಟು ಲೆಕ್ಕ ಹಾಕಿದರೂ ಸಿಗುವುದಿಲ್ಲ. ಆ ಹೊತ್ತಿಗೆ ಸೀಟಿಯ ಸದ್ದಿತ್ತೇ, ಕಿರುಚಾಟ ನಿಂತಿತ್ತೇ ಎಂದು ನೆನಪಿಸಿಕೊಳ್ಳಲು ಹೋದರೆ ಒಂದು ಹಲ್ಲು, ಅದರ ಬುಡದಲ್ಲಿ ಅಂಟಿದ ಕೆಂಪು, ಅದರ ಸಣ್ಣ ನೆರಳು, ಇಷ್ಟೇ ಬರುತ್ತದೆ. ಆಮೇಲೆ ಒಂದು ಕೈ. ಮುಂಗೈಗೆ ಕೂದಲು ಕಟ್ಟುವ ನೀಲಿ ರಬ್ಬರು ಹಾಕಿಕೊಂಡ ಕೈ. ಆ ಕೈ ಹಲ್ಲಿನ ಹತ್ತಿರ ಬಂದಾಗ ಬೇರು ಮುಟ್ಟಬೇಡ ಎಂದು ಮನಸ್ಸಿನಲ್ಲಿ ಅಂದುಕೊಂಡಳು. ಮನಸ್ಸಿನಲ್ಲೇ ಅಂದದ್ದು ಎಂದು ನಂಬಿದ್ದಳು. ಆ ಕೈ ಒಂದು ಕ್ಷಣ ತಡೆದು, ಹಲ್ಲನ್ನು ತಲೆಯ ಕಡೆಯಿಂದ ಹಿಡಿದು ಎತ್ತಿತು. ಅವಳು ಕಣ್ಣೆತ್ತಿದಾಗ ಹನ್ನೊಂದನೇ ನಂಬರು ಅಂಕಣದೊಳಗಿತ್ತು, ಹೊಡೆದಾಡಿದ ಹುಡುಗಿಯರು ಆ ಕಡೆ ಒಬ್ಬಳು, ಈ ಕಡೆ ಒಬ್ಬಳು ನಿಂತು ಅಳುತ್ತಿದ್ದರು.

ದೊಡ್ಡ ಸಾರ್ ರೆಫರಿಗಳನ್ನು ಅಂಕಣದ ನಡುವೆ ಸೇರಿಸಿದರು. ಅವರ ಕತ್ತಿನ ಮೇಲೆ ಯಾರದೋ ಉಗುರಿನ ಗೆರೆ ಎದ್ದಿತ್ತು. ಮೊದಲು ಕೇಳಿದ್ದು, "ನಿಮ್ಮಿಬ್ಬರಿಗೂ ಏನೂ ಆಗಿಲ್ಲ ತಾನೆ?" ಆಮೇಲೆ ದಂಡದ ಲೆಕ್ಕ. ಹೊಡೆದಾಡಿದ ಇಬ್ಬರೂ ಹೊರಗೆ. ಎರಡೂ ತಂಡದ ತಪ್ಪು ಸಮ, ಆದ್ದರಿಂದ ಒಂದರ ದಂಡಕ್ಕೆ ಇನ್ನೊಂದರದ್ದು ವಜಾ. "ಬೆಂಚಿಂದ ಯಾರು ಬಂದ್ರು?"

"ಹನ್ನೊಂದು," ಅಂದಳು.

"ಜಗಳ ನಡೀತಿದ್ದಾಗ್ಲೇ?"

ಆಗ ಅವಳು ಹೂಂ ಅಂದಳು. ಸುಳ್ಳು ಹೇಳಬೇಕೆಂದು ಅಂದದ್ದಲ್ಲ. ಗೂಟವನ್ನು ಕೇಳಿದರೆ ಉತ್ತರ ಇರಲೇಬೇಕು, ಇಷ್ಟು ವರ್ಷ ಇತ್ತು, ಆ ಅಭ್ಯಾಸದ ಬಲಕ್ಕೇ ಬಾಯಿ ಹೂಂ ಅಂದಿತು. ಅವರು ಮತ್ತೆ ಕೇಳಲಿಲ್ಲ. ತಿರುಗಿ ಹೋಗಿ ಅಂಕ ಬರೆಯುವ ಮೇಜಿನವರಿಗೆ ಬೆರಳಿನಲ್ಲಿ ನಂಬರು ತೋರಿಸಿದರು, ಕೋಚಿನ ಮೇಲೆ ತಪ್ಪು ಹಾಕಿದರು, ಎದುರು ತಂಡಕ್ಕೆ ಫ್ರೀ ಥ್ರೋ ಕೊಟ್ಟರು. ಹನ್ನೊಂದನೇ ನಂಬರಿನ ತಂಡ ಹೇಗೂ ಸೋಲುತ್ತಿತ್ತು, ಸೋತಿತು. ಅದಕ್ಕೆ ಯಾರೂ ಗಲಾಟೆ ಮಾಡಲಿಲ್ಲ. ಹುಡುಗಿ ಮಾತ್ರ ಹೊರಗೆ ಹೋಗುವಾಗ ಎರಡೂ ಕೈಯಲ್ಲಿ ಒಂದು ಲೋಟ ಹಿಡಿದಿದ್ದಳು, ತುಳುಕದ ಹಾಗೆ, ಹೆಜ್ಜೆ ನೋಡಿಕೊಂಡು. ಹಾಲು ಎಲ್ಲಿಂದ ತಂದಳೋ. ತನ್ನನ್ನು ಯಾಕೆ ಹೊರಗೆ ಹಾಕಿದರು ಎಂದು ಕೇಳುವಷ್ಟೂ ವ್ಯವಧಾನ ಅವಳಿಗಿರಲಿಲ್ಲ. ಲೋಟದಲ್ಲಿದ್ದದ್ದು ಎದುರು ತಂಡದವಳ ಹಲ್ಲು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬೆಳಿಗ್ಗೆ ಗಂಡ ಡಬ್ಬಿ ಕಟ್ಟಿಕೊಡುತ್ತ, "ಭಾನುವಾರದಿಂದ ನನ್ನ ಜೊತೆ ಒಂದು ಜಗಳಾನೂ ಆಡಿಲ್ಲ ನೀನು. ಹುಷಾರಿದೀಯ ತಾನೆ?" ಎಂದಿದ್ದ. "ನಿನ್ನ ಜೊತೆ ಆಡೋಕೂ ಭಯ ಬಿಡು. ಪಕ್ಕದ ಮನೆಯವರು ಎದ್ದು ನೋಡಿದ್ರೆ ಅವರಿಗೂ ದಂಡ." ಅವಳು ನಕ್ಕಿರಲಿಲ್ಲ. ಅವನು ಡಬ್ಬಿಯ ಮುಚ್ಚಳ ಮತ್ತೆ ತೆಗೆದು, ಇನ್ನೊಂದು ಚಮಚ ಮೊಸರು ಹಾಕಿ, ಮುಚ್ಚಿದ್ದ. ಪಂದ್ಯದ ಕಥೆಯನ್ನು ಅವನಿಗೆ ಹೇಳಿದ್ದಳು. ಹಲ್ಲಿನ ವಿಷಯವನ್ನೂ ಹೇಳಿದ್ದಳು. ತಾನು ಹಲ್ಲನ್ನೇ ನೋಡುತ್ತ ನಿಂತದ್ದನ್ನು ಬಿಟ್ಟಿದ್ದಳು. ಒಂದು ವಾಕ್ಯ ಬಿಟ್ಟರೆ ಕಥೆ ಎಷ್ಟು ಚೆನ್ನಾಗಿ ನಿಲ್ಲುತ್ತದೆ, ಒಂದು ಹಲ್ಲು ಕಡಿಮೆಯಾದ ಬಾಯಿ ತುಟಿ ಮುಚ್ಚಿದಾಗ ಕಾಣುವ ಹಾಗೆ. ಹನ್ನೊಂದನೇ ನಂಬರಿನ ಹುಡುಗಿಗೆ ವಯಸ್ಸಿನ ಮಿತಿಯ ಕೊನೆಯ ವರ್ಷವಂತೆ. ಮುಂದಿನ ವಾರ ಆಯ್ಕೆ ಪಂದ್ಯ. ನಿಷೇಧ ಇದ್ದವರನ್ನು ಒಳಗೇ ಬಿಡುವುದಿಲ್ಲ. ಇದನ್ನು ಕಿರಿಯ ರೆಫರಿ ಫೋನಿನಲ್ಲಿ ಹೇಳಿದ್ದ, ಪಾಪ ಅನ್ನಿಸತ್ತೆ ಮೇಡಂ, ಆದ್ರೆ ನೀವು ಕಣ್ಣಾರೆ ಕಂಡಿದ್ದೀರಲ್ಲ, ಏನ್ ಮಾಡೋಕಾಗತ್ತೆ. ಮತ್ತೆ ದೊಡ್ಡ ಸಾರ್. ಅವರಿಗೂ ಇದು ಕೊನೆಯ ವರ್ಷ. ರೆಫರಿಗಳಿಗೂ ವಯಸ್ಸಿನ ಮಿತಿಯಿದೆ. ಫೈನಲ್ಲಿಗೆ ಅವರನ್ನೇ ಹಾಕಿದ್ದರು, ಅದು ಬೀಳ್ಕೊಡುಗೆ ಎಂದು ಯಾರೂ ಬಾಯಿಬಿಟ್ಟು ಹೇಳದೆ. ನೋಡದ್ದನ್ನು ನೋಡಿದೆ ಎಂದು ದಂಡ ಹಾಕಿದ ರೆಫರಿಗಳು ಎಂದಾದರೆ ಮೂವರನ್ನೂ ಹೊರಗೆ ಕೂರಿಸುತ್ತಾರೆ. ಯಾರು ತಪ್ಪಿದರೂ ತಪ್ಪು ಮೂವರದು. ಅದೂ ಅವರೇ ಕಲಿಸಿದ ಪಾಠ. ಕಿಟಕಿಯ ಗಾಜಿನಲ್ಲಿ ತನ್ನ ಮುಖ ಅಂಗಡಿಗಳ ಮೇಲೆ ತೇಲುತ್ತ ಹೋಗುತ್ತಿತ್ತು. ಇಳಿಯುವ ನಿಲ್ದಾಣ ದಾಟಿಹೋದರೂ ಹೋಗಲಿ ಎಂದು ಒಂದು ಕ್ಷಣ ಕೂತೇ ಇದ್ದಳು. ಕಂಡಕ್ಟರು, "ಅಮ್ಮಾ, ನಿಮ್ದು ಇದೇ ಅಲ್ವಾ?" ಎಂದು ನೆನಪಿಸಿ, ಅವಳು ಇಳಿಯುವವರೆಗೂ ಸೀಟಿ ಊದದೆ ಕಾದ.

ಕಚೇರಿಯ ಮಹಡಿಯಲ್ಲಿ ಉದ್ದನೆಯ ಓಣಿಯಿತ್ತು, ಗೋಡೆಗೆ ತಾಗಿಸಿ ಒಂದು ಮರದ ಬೆಂಚು. ದೊಡ್ಡ ಸಾರ್ ಆಗಲೇ ಬಂದು ಕೂತಿದ್ದರು, ಇಸ್ತ್ರಿ ಮಾಡಿದ ಅಂಗಿ, ಮಗಳು ಕೊಡಿಸಿದ ಹೊಸ ಬೂಟು. ಅವಳನ್ನು ಕಂಡು ಪಕ್ಕದಲ್ಲಿದ್ದ ತಮ್ಮ ಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡರು. "ಬಾಮ್ಮ, ಕೂತ್ಕೋ. ಟೀ ಕುಡಿದ್ಯಾ? ಒಳಗೆ ಏನೂ ಹೆದರ್ಬೇಡ. ಕಂಡದ್ದನ್ನ ಹೇಳು, ಅಷ್ಟೇ." ಅವಳು ಕೂತಳು. ಅವರು ಫೈನಲ್ಲಿನ ಮಾತೆತ್ತಲಿಲ್ಲ. ವರ್ಷಗಳ ಹಿಂದೆ, ಮೊದಲ ಸಲ ಗಂಡಸರ ಪಂದ್ಯಕ್ಕೆ ರೆಫರಿಯಾಗಿ ನಿಂತಾಗ ಜನ ಅವಳನ್ನು ಹೀಯಾಳಿಸಿದ್ದರು, ಅಡುಗೆಮನೆ ಆ ಕಡೆ ಇದೆ ಎಂದು ಯಾರೋ ಕೂಗಿದ್ದರು, ಇಡೀ ಸಭಾಂಗಣ ನಕ್ಕಿತ್ತು. ಕಣ್ಣು ತುಂಬಿ ಚೆಂಡು ಎರಡಾಗಿ ಕಾಣುತ್ತಿತ್ತು. ಆಗ ದೊಡ್ಡ ಸಾರ್ ಆಟ ನಿಲ್ಲಿಸಿ, ಅಂಕಣದ ನಡುವೆ ಮಂಡಿಯೂರಿ, ಬಿಚ್ಚದೇ ಇದ್ದ ಬೂಟಿನ ದಾರವನ್ನು ಬಿಚ್ಚಿ, ನಿಧಾನವಾಗಿ ಕಟ್ಟತೊಡಗಿದ್ದರು. ಒಂದು ಕಾಲಿನದು ಮುಗಿಸಿ ಇನ್ನೊಂದರದ್ದು. ಅಷ್ಟರಲ್ಲಿ ಅವಳು ತೋಳಿನಿಂದ ಕಣ್ಣೊರೆಸಿಕೊಂಡಿದ್ದಳು. ಆ ಮಾತನ್ನು ಅವರೂ ಆಮೇಲೆ ಆಡಲಿಲ್ಲ, ಅವಳೂ ಆಡಲಿಲ್ಲ.

ಹುಡುಗಿ ಮೆಟ್ಟಿಲು ಹತ್ತಿ ಬಂದಳು, ಹಿಂದೆ ಅವಳ ಕೋಚು. ಅಂಕಣದ ಬಟ್ಟೆಯಿಲ್ಲದೆ ತೀರಾ ಚಿಕ್ಕವಳಾಗಿ ಕಂಡಳು. ಮುಂಗೈಯಲ್ಲಿ ಅದೇ ನೀಲಿ ರಬ್ಬರು. ಕೋಚು ದೊಡ್ಡ ಸಾರ್ ಅವರಿಗೆ ಕೈ ಮುಗಿದು ಮಾತಿಗೆ ನಿಂತಾಗ ಹುಡುಗಿ ಇವಳ ಹತ್ತಿರ ಬಂದು ಬಗ್ಗಿದಳು.

"ಮೇಡಂ, ಆ ಹಲ್ಲು ಕೂತ್ಕೊಂತಂತೆ. ಅವಳು ಫೋನ್ ಮಾಡಿದ್ಲು. ಮಾತಾಡಿದ್ರೆ ಬರೀ ಗಾಳಿ ಬರತ್ತೆ, ಆದ್ರೂ ಅರ್ಧ ಗಂಟೆ ಮಾತಾಡಿದ್ಲು."

"ಒಳ್ಳೇದಾಯ್ತು," ಅಂದಳು.

ಹುಡುಗಿ ಇನ್ನೂ ದನಿ ತಗ್ಗಿಸಿದಳು. "ಬೇರು ಮುಟ್ಟಬೇಡ ಅಂದ್ರಲ್ಲ ನೀವು. ಅದನ್ನ ನಾನು ಒಳಗೆ ಹೇಳಲ್ಲ. ರೆಫರಿ ಹಾಗೆಲ್ಲ ನಮ್ಮ ಜೊತೆ ಮಾತಾಡಬಾರದಂತೆ ಅಲ್ವಾ? ನನ್ನಿಂದ ನಿಮಗೆ ತೊಂದರೆ ಬೇಡ."

ಅಂದರೆ ಅವತ್ತು ಇವಳು ಬಾಯಿಬಿಟ್ಟೇ ಅಂದಿದ್ದಳು. ಗೂಟ ಮಾತಾಡಿತ್ತು. ರೆಫರಿಯ ಕಣ್ಣು ಬೆಂಚಿನ ಮೇಲಿರಲಿಲ್ಲ ಎನ್ನುವುದಕ್ಕೆ ಆ ಮಾತೇ ಸಾಕ್ಷಿ. ಈ ಹುಡುಗಿಯ ಕೈಯಲ್ಲಿ ಬಿಡುಗಡೆಯ ಬೀಗದ ಕೈಯೇ ಇದೆ, ಅದನ್ನು ತಿಳಿಯದೆ, ಇವಳ ಮಾನ ಉಳಿಸಲೆಂದು ಜೇಬಿನಲ್ಲಿ ಮುಚ್ಚಿಟ್ಟುಕೊಂಡು ಒಳಗೆ ಹೋಗುತ್ತಿದ್ದಾಳೆ. ಹೇಳು, ಹೇಳಿಬಿಡು ಅನ್ನಬೇಕೆಂದು ಗಂಟಲವರೆಗೆ ಬಂತು. ಅಷ್ಟರಲ್ಲಿ ಒಳಗಿಂದ ಕರೆದರು.

ಕೋಣೆಯಲ್ಲಿ ಉದ್ದದ ಮೇಜು, ಸದ್ದು ಮಾಡುವ ಪಂಖ, ಗಾಜಿನ ಬೀರುವಿನಲ್ಲಿ ಬಣ್ಣಗೆಟ್ಟ ಕಪ್‌ಗಳು. ಸಂಘದ ಅಧ್ಯಕ್ಷೆ ವಯಸ್ಸಾದ ಹೆಂಗಸು, ಹಿಂದೆ ಆಟಗಾರ್ತಿ, ಈಗ ಕೈಬೆರಳುಗಳು ಗಂಟುಗಟ್ಟಿದ್ದವು. ಯಾರೋ ಪೋಷಕರು ತೆಗೆದ ವಿಡಿಯೋವನ್ನು ಮೊದಲು ಎಲ್ಲರಿಗೂ ತೋರಿಸಿದರು. ಅದರಲ್ಲಿ ಕಂಡದ್ದು ಜಗಳವೇ, ಬೆಂಚು ಒಂದಿಷ್ಟೂ ಇಲ್ಲ. ಹುಡುಗಿ ಒಳಗೆ ಬಂದಿರಬಹುದಾದ ಹೊತ್ತಿಗೆ ದೊಡ್ಡ ಸಾರ್ ಅವರ ಬೆನ್ನು ಚಿತ್ರದ ಬಹುಭಾಗವನ್ನು ಮುಚ್ಚಿತ್ತು. ಆದರೆ ಅಂಚಿನಲ್ಲಿ, ಒಬ್ಬಳು ಹೆಂಗಸು ಕೈ ಇಳಿಬಿಟ್ಟು, ಬೆಂಚುಗಳ ಕಡೆ ಮುಖ ಮಾಡಿ, ಕಂಬದ ಹಾಗೆ ನಿಂತಿದ್ದಳು. ಅವಳ ಕಣ್ಣು ಎಲ್ಲಿದೆ ಎಂದು ಅಷ್ಟು ದೂರದಿಂದ ತಿಳಿಯುವಂತಿರಲಿಲ್ಲ.

"ಇವರು ನಿಂತಿರೋದು ನೋಡಿ," ಅಧ್ಯಕ್ಷೆ ಪಕ್ಕದಲ್ಲಿ ಕೂತ ಸಂಘದ ಸದಸ್ಯರಿಗೆ ಹೇಳಿದರು. "ಹೊಸಬರಿಗೆ ಇದನ್ನೇ ತೋರಿಸ್ಬೇಕು. ಸುತ್ತ ಅಷ್ಟು ಗದ್ದಲ ಆಗ್ತಿದ್ರೂ ಒಂದಿಂಚು ಅಲ್ಲಾಡಿಲ್ಲ." ಪಕ್ಕದವರು ತಲೆದೂಗಿದರು. ದೊಡ್ಡ ಸಾರ್ ಅವರ ಮುಖದಲ್ಲಿ ಒಂದು ಸಣ್ಣ ಹೆಮ್ಮೆ ಬಂದು ಹೋದದ್ದನ್ನು ಅವಳು ಕಂಡಳು. ಕೆನ್ನೆ ಸುಟ್ಟಿತು. ಹೊಡೆಸಿಕೊಂಡರೂ ಇಷ್ಟು ಸುಡುತ್ತಿರಲಿಲ್ಲ.

ಕೋಚು ಎದ್ದು ಹುಡುಗಿ ಹಲ್ಲಿಗಾಗಿ ಬಂದಳು, ಹೊಡೆಯಲು ಅಲ್ಲ ಎಂದ. ಅಧ್ಯಕ್ಷೆ ಬೇಸರದಿಂದಲೇ ಕೈಯೆತ್ತಿದರು. "ಅದು ನಮಗೂ ಗೊತ್ತು. ಮನಸ್ಸಿಗೆ ಹೌದು ಅನ್ನಿಸತ್ತೆ. ಆದ್ರೆ ನಿಯಮ ಯಾಕೆ ಅಂತ ಕೇಳಲ್ವಲ್ಲ. ಜಗಳ ಮುಗಿದ ಮೇಲೆ ಬಂದಿದ್ರೆ ತಪ್ಪೇ ಇಲ್ಲ. ಮುಗಿಯೋಕೆ ಮುಂಚೆ ಬಂದಿದ್ರೆ ಯಾರಾದ್ರೂ ಸರಿ, ತಪ್ಪೇ." ಹುಡುಗಿಯ ಕಡೆ ತಿರುಗಿದರು. "ನೀನೇ ಹೇಳಮ್ಮ. ಯಾವಾಗ ಎದ್ದೆ?"

ಮುಗಿದ ಮೇಲೆ ಎಂದುಬಿಟ್ಟಿದ್ದರೆ ಅಲ್ಲ ಎಂದು ನಿಜವಾಗಿ ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಕೋಚು ಅದನ್ನೇ ಹೇಳಿಕೊಟ್ಟಿದ್ದನೇನೋ, ಮೇಜಿನ ಕೆಳಗೆ ಅವನ ಕಾಲು ಅಲ್ಲಾಡುತ್ತಿತ್ತು. ಹುಡುಗಿ ನೀಲಿ ರಬ್ಬರನ್ನು ಎಳೆದು ಬಿಟ್ಟಳು, ಎಳೆದು ಬಿಟ್ಟಳು.

"ನನಗೆ ಗೊತ್ತಿಲ್ಲ ಮೇಡಂ. ನಾನು ಜಗಳ ನೋಡ್ಲೇ ಇಲ್ಲ. ನನಗೆ ಹಲ್ಲು ಒಂದೇ ಕಾಣ್ತಿದ್ದಿದ್ದು. ಯಾರಾದ್ರೂ ತುಳಿದುಬಿಡ್ತಾರೆ ಅಂತ." ಆಮೇಲೆ ಇವಳ ಕಡೆ ನೋಡಿದಳು, ಪರೀಕ್ಷೆಯ ಕೋಣೆಯಲ್ಲಿ ಮೇಷ್ಟ್ರನ್ನು ನೋಡುವಷ್ಟು ನಂಬಿಕೆಯಿಂದ. "ಆ ಮೇಡಂ ಬೆಂಚು ನೋಡ್ತಾ ನಿಂತಿದ್ರು. ಅವರು ಹೇಳಿದ್ದೇ ಸರಿ ಇರತ್ತೆ."

ಎಲ್ಲರೂ ಇವಳ ಕಡೆ ತಿರುಗಿದರು. "ಹಾಗಾದ್ರೆ ನೀವೇ ಹೇಳ್ಬೇಕು," ಅಧ್ಯಕ್ಷೆ ಅಂದರು. "ಜಗಳ ನಡೀತಿದ್ದಾಗಲೇ ಬಂದದ್ದನ್ನ ನೀವು ಕಂಡ್ರಾ?"

ಹೂಂ ಎನ್ನುವುದು ಎಷ್ಟು ಸಣ್ಣ ಶಬ್ದ, ತುಟಿಯನ್ನೂ ಬಿಡಿಸಬೇಕಿಲ್ಲ. ಒಂದು ಸಲ ಅಂದಾಗಿದೆ. ಇನ್ನೊಂದು ಸಲ ಅನ್ನುವುದು ಅದಕ್ಕಿಂತ ಸುಲಭ. ದೊಡ್ಡ ಸಾರ್ ಫೈನಲ್ಲಿಗೆ ನಿಲ್ಲುತ್ತಾರೆ, ಮಗಳು ಅಳಿಯ ಮುಂದಿನ ಸಾಲಿನಲ್ಲಿ ಕೂತು ನೋಡುತ್ತಾರೆ. ತಾನು ನಿಂತ ಚಿತ್ರವನ್ನು ಹೊಸಬರಿಗೆ ತೋರಿಸುತ್ತಾರೆ. ಆಗ ಮಗ್ಗುಲಲ್ಲಿ ಏನೋ ಅಲುಗಾಡಿತು. ದೊಡ್ಡ ಸಾರ್ ಕುರ್ಚಿಯಲ್ಲೇ ಬಗ್ಗಿದ್ದರು. ಅವರ ಕೈ ಬೂಟಿನ ಮೇಲೆ ದಾರವನ್ನು ಹುಡುಕುತ್ತಿತ್ತು. ಮಗಳು ಕೊಡಿಸಿದ ಆ ಹೊಸ ಬೂಟಿಗೆ ದಾರವೇ ಇರಲಿಲ್ಲ. ಆದರೂ ಅವರು ಬೆರಳಾಡಿಸುತ್ತ, ತಲೆಯೆತ್ತದೆ, ಒಂದು ಕಾಲು ಮುಗಿಸಿ ಇನ್ನೊಂದರ ಕಡೆ ಹೋದರು. ಎಲ್ಲರೂ ಕಾದರು. ತಾನು ಕಂಡಿಲ್ಲವೆಂದು ಅವರಿಗೆ ಗೊತ್ತಿದೆ ಎಂದು ಅವಳಿಗೆ ತಿಳಿಯಿತು. ಭಾನುವಾರದಿಂದಲೂ ಗೊತ್ತಿತ್ತೋ ಈಗಷ್ಟೇ ಗೊತ್ತಾಯಿತೋ, ಅದನ್ನು ಯಾವತ್ತೂ ಕೇಳುವಂತಿಲ್ಲ.

"ನನಗೂ ಹಲ್ಲು ಒಂದೇ ಕಂಡಿದ್ದು," ಅಂದಳು.

"ಅಂದ್ರೆ?" ಎಂದು ಪಕ್ಕದವರು ಕೇಳಿದರು. ಅವಳು ಅಂದರೆ ಏನೆಂದು ಹೇಳಿದಳು. ಹಲ್ಲನ್ನು ನೋಡುತ್ತಿದ್ದೆ, ಬೆಂಚನ್ನಲ್ಲ. ಬೇರು ಮುಟ್ಟಬೇಡ ಎಂದು ಹೇಳಿದ್ದೂ ನಾನೇ. ಹುಡುಗಿ ಯಾವಾಗ ಬಂದಳೆಂದು ನನಗೆ ಗೊತ್ತಿಲ್ಲ. ಸಾರ್ ಕೇಳಿದಾಗ ಗೊತ್ತಿದ್ದವಳ ಹಾಗೆ ಹೂಂ ಅಂದೆ. ಹೇಳಿ ಮುಗಿದಾಗ ಹಗುರವಾಗಬೇಕಿತ್ತು. ಆಗಲಿಲ್ಲ. ಹುಡುಗಿ ಇವಳ ಗುಟ್ಟು ಕಾಪಾಡಲಾಗದೆ ಹೋದವಳ ಹಾಗೆ ಮುಖ ಸಣ್ಣ ಮಾಡಿಕೊಂಡು ಕೂತಿದ್ದಳು.

ಅಧ್ಯಕ್ಷೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಹುಡುಗಿಗೆ ನಿಷೇಧ ಇಲ್ಲ ಎಂದರು. ರೆಫರಿಗಳ ವಿಷಯಕ್ಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಈ ಹಂಗಾಮು ಮುಗಿಯುವವರೆಗೆ ಮೂವರೂ ಅಂಕಣಕ್ಕೆ ಇಳಿಯುವಂತಿಲ್ಲ ಎಂಬುದನ್ನು ಯಾರ ಮುಖವನ್ನೂ ನೋಡದೆ, ತಮ್ಮ ಗಂಟುಗಟ್ಟಿದ ಬೆರಳುಗಳನ್ನು ನೋಡುತ್ತ ಹೇಳಿದರು. "ಸರಿ ಮೇಡಂ," ಎಂದರು ದೊಡ್ಡ ಸಾರ್. ಪಂದ್ಯದಲ್ಲಿ ಯಾರಾದರೂ ನೀರು ಕುಡಿಯಲು ಸಮಯ ಕೇಳಿದಾಗ ಹೇಳುತ್ತಿದ್ದರಲ್ಲ, ಅದೇ ದನಿ.

ಹುಡುಗಿಯೂ ಕೋಚೂ ಬೇಗ ಬೇಗ ಮೆಟ್ಟಿಲಿಳಿದು ಹೋದರು. ಹುಡುಗಿ ಒಮ್ಮೆ ತಿರುಗಿ ನೋಡಿ, ಕೈಯನ್ನು ಅರ್ಧ ಎತ್ತಿ ಇಳಿಸಿದಳು. ಕೆಳಗೆ ತಲುಪಿದ ಮೇಲೆ ಅವಳ ನಗು ಕೇಳಿಸಿತು; ಕೇಳಿಸಲಿ ಎಂದೇ ಇವಳು ಕಿವಿಗೊಟ್ಟಿದ್ದಳು, ಆದರೂ ಕೇಳಿದಾಗ ಅದು ತನ್ನದಲ್ಲದ ಮನೆಯ ಸದ್ದಿನಂತಿತ್ತು. ಓಣಿಯಲ್ಲಿ ಬೆಳಕು ಕಡಿಮೆಯಾಗಿತ್ತು. ದೊಡ್ಡ ಸಾರ್ ಮತ್ತೆ ಅದೇ ಬೆಂಚಿನ ಮೇಲೆ ಹೋಗಿ ಕೂತಿದ್ದರು, ಚೀಲವನ್ನು ಪಕ್ಕದಲ್ಲಿಟ್ಟುಕೊಂಡು, ಎದುರಿನ ಗೋಡೆಯ ಕಡೆ ಮುಖ ಮಾಡಿ. ಅವಳು ಬಾಗಿಲ ಬಳಿ ನಿಂತಳು, ಕೈ ಇಳಿಬಿಟ್ಟುಕೊಂಡು. ಕ್ಷಮಿಸಿ ಸಾರ್ ಎನ್ನುವುದು ಹೂಂ ಎನ್ನುವುದಕ್ಕಿಂತಲೂ ಅಗ್ಗವಾಗಿ ಕೇಳಿಸೀತು ಎಂದು ಬಾಯಿ ತೆರೆಯಲಿಲ್ಲ. ಈ ಸಲ ಅವಳು ಬೆಂಚನ್ನೇ ನೋಡಿದಳು, ಕಣ್ಣು ಕದಲಿಸದೆ: ಅದರ ಸವೆದ ಅಂಚು, ಅವರ ಬಾಗಿದ ಬೆನ್ನು, ಕತ್ತಿನ ಮೇಲೆ ಇನ್ನೂ ಮಾಯದ ಉಗುರಿನ ಗೆರೆ. ಅವರು ತಿರುಗಿ ನೋಡಲಿಲ್ಲ. ಕೈ ಮಾತ್ರ ಪಕ್ಕಕ್ಕೆ ಹೋಯಿತು, ಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡಿತು. ಬೆಂಚಿನ ಮೇಲೆ ಒಬ್ಬರು ಕೂರುವಷ್ಟು ಜಾಗವಾಯಿತು. ಅವಳು ಆ ಜಾಗವನ್ನು ನೋಡುತ್ತ ನಿಂತಿದ್ದಳು.